ತೆಂಗಿನ ಹಾಲಿನ ಪಾಸ್ತಾ ಓವನ್ನಲ್ಲಿ ಯಾಕೆ ಎಣ್ಣೆ ಬಿಡುತ್ತದೆ?

ಪ್ರಶ್ನೆ: ಥಾಯ್ ರುಚಿಯಲ್ಲಿ ಪಾಸ್ತಾ ಬೇಕ್ ಮಾಡಿದೆ. ತೆಂಗಿನ ಹಾಲು, ರೆಡ್ ಕರಿ ಪೇಸ್ಟ್, ಟೊಮೆಟೊ ಹಾಕಿ ಮೇಲೆ ಚೀಸ್ ತುರಿದಿದ್ದೆ. ಓವನ್ನಿಂದ ತೆಗೆದಾಗ ಮೇಲೆಲ್ಲ ಎಣ್ಣೆ. ಒಳಗೆ ಪಾಸ್ತಾ ಒಣಗಿ ಗಟ್ಟಿಯಾಗಿತ್ತು. ಯಾಕೆ ಹೀಗಾಯಿತು? (ಓದುಗರೊಬ್ಬರು, ಕಲಬುರಗಿ)

ಉತ್ತರ: ತೆಂಗಿನ ಹಾಲು ಒಡೆದು ಎಣ್ಣೆ ಬಿಟ್ಟಿದೆ. ಸಾಸ್ ಸಾಲದೆ ಪಾಸ್ತಾ ಒಣಗಿದೆ. ಎರಡನ್ನೂ ಸರಿಪಡಿಸಬಹುದು. ಆದರೆ ಆ ಕೆಲಸ ಓವನ್ನಿಗೆ ಇಡುವ ಮುಂಚೆ, ಒಲೆಯ ಮೇಲೇ ಆಗಬೇಕು.

ತೆಂಗಿನ ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ಈ ಹನಿಗಳು ಒಂದಕ್ಕೊಂದು ಸೇರದಂತೆ ತೆಂಗಿನ ಪ್ರೋಟೀನೇ ತಡೆದಿರುತ್ತದೆ. ಶಾಖ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿದರೆ ಆ ಪ್ರೋಟೀನ್ ಹೆಪ್ಪುಗಟ್ಟುತ್ತದೆ, ಕೊಬ್ಬು ಬೇರೆಯಾಗುತ್ತದೆ. ಹುಳಿ ಸೇರಿದರೆ ಇದು ಇನ್ನೂ ಬೇಗ ಆಗುತ್ತದೆ. ನಿಮ್ಮ ಪಾಸ್ತಾದಲ್ಲಿ ಟೊಮೆಟೊ ಹುಳಿ ಇತ್ತು, ಓವನ್ನಿನ ಶಾಖ ಇತ್ತು. ಜೊತೆಗೆ ಚೀಸ್ ಕೂಡ ಕರಗಿ ತನ್ನ ಎಣ್ಣೆ ಬಿಟ್ಟಿತು.

ಹಾಗಂತ ಒಡೆಯುವುದನ್ನು ಕಂಡು ಹೆದರಬೇಡಿ. ಥಾಯ್ ಅಡುಗೆಯಲ್ಲಿ ಎಷ್ಟೋ ಸಲ ತೆಂಗಿನ ಹಾಲನ್ನು ಬೇಕಂತಲೇ ಒಡೆಸುತ್ತಾರೆ. ಗಟ್ಟಿ ಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಅದೇ ಎಣ್ಣೆಯಲ್ಲಿ ಕರಿ ಪೇಸ್ಟ್ ಹುರಿಯುತ್ತಾರೆ. ಇಂಡೋನೇಷ್ಯಾದ ರೆಂಡಾಂಗ್‌ನಲ್ಲೂ ಹಾಲು ಪೂರ್ತಿ ಬತ್ತಿ, ಬಿಟ್ಟ ಎಣ್ಣೆಯಲ್ಲೇ ಮಾಂಸ ಹುರಿಯುತ್ತದೆ. ಆ ಅಡುಗೆಗಳ ಘಮ ಬರುವುದೇ ಹೀಗೆ. ಹಾಗಾಗಿ ನಾವು ಹಾಲನ್ನು ಎರಡು ಪಾಲು ಮಾಡೋಣ. ಒಂದು ಪಾಲು ಒಡೆಯಲಿ, ಇನ್ನೊಂದನ್ನು ಒಡೆಯದಂತೆ ಕಾಯೋಣ.

ಕಾಯಿ ತುರಿದು ಹಾಲು ತೆಗೆಯುವವರಿಗೆ ಇದು ಸಲೀಸು. ಮೊದಲ ಗಟ್ಟಿ ಹಾಲು ಪೇಸ್ಟ್ ಹುರಿಯಲು, ಎರಡನೇ ತೆಳು ಹಾಲು ಸಾಸಿಗೆ. ಪ್ಯಾಕೆಟ್ ಹಾಲಾದರೆ ಅದರಲ್ಲಿ ಸಾಮಾನ್ಯವಾಗಿ ಗೋರಿಕಾಯಿ ಬೀಜದ ಅಂಟು ಸೇರಿಸಿರುತ್ತಾರೆ, ಅದು ಬೇಗ ಒಡೆಯಲ್ಲ. ಆಗ ಪೇಸ್ಟ್ ಹುರಿಯಲು ಎರಡು ಚಮಚ ಎಣ್ಣೆ ಹಾಕಿಕೊಳ್ಳಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ತಾಜಾ ಹಾಲು ಬಹಳ ಬೇಗ ಹುಳಿಯಾಗುತ್ತದೆ. ಹಿಂಡಿದ ಕೂಡಲೇ ಬಳಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ.

ಪೇಸ್ಟ್ ಬಗ್ಗೆ ಒಂದು ಮಾತು. ಅಂಗಡಿಯ ರೆಡ್ ಕರಿ ಪೇಸ್ಟಿನಲ್ಲಿ ಸಿಗಡಿ ಇರುವುದು ಮಾಮೂಲು. ಸಸ್ಯಾಹಾರಿಗಳಾದರೆ ಹಸಿರು ಚುಕ್ಕಿ ನೋಡಿಯೇ ತನ್ನಿ. ನನ್ನ ಕೇಳಿದರೆ ಮನೆಯಲ್ಲೇ ರುಬ್ಬಿ ಅಂತೀನಿ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಬೆಳ್ಳುಳ್ಳಿ, ಸಣ್ಣ ಉಳ್ಳಾಗಡ್ಡಿ, ಶುಂಠಿ, ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಬುಡದ ಎಳೆ ಭಾಗ, ಸ್ವಲ್ಪ ಕೊತ್ತಂಬರಿ ಕಾಳು, ಜೀರಿಗೆ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಕೊತ್ತಂಬರಿ ಸೊಪ್ಪಿನ ಬೇರನ್ನು ಮಾತ್ರ ಮರೆಯಬೇಡಿ. ಥಾಯ್ ಪೇಸ್ಟಿಗೆ ಅದು ಬೇಕೇ ಬೇಕು. ನಮ್ಮ ಸಂತೆಯಲ್ಲಿ ಸೊಪ್ಪು ಬೇರು ಸಮೇತವೇ ಸಿಗುತ್ತದೆ, ನಾವು ಕತ್ತರಿಸಿ ಎಸೆದುಬಿಡುತ್ತೇವೆ. ಮಣ್ಣು ಹೋಗುವಂತೆ ತೊಳೆದು ರುಬ್ಬಲು ಹಾಕಿ. ಎಲೆಗಿಂತ ಗಾಢವಾದ ಘಮ ಅದರದ್ದು.

ಈಗ ಸಾಸ್. 250 ಗ್ರಾಂ ಪಾಸ್ತಾಕ್ಕೆ ಮೂರು ದೊಡ್ಡ ಚಮಚ ಪೇಸ್ಟ್ ಸಾಕು. ಕಚ್ಚಾ ವಾಸನೆ ಹೋಗಿ ಬಣ್ಣ ಗಾಢವಾಗುವವರೆಗೆ ಹುರಿಯಿರಿ. ಅರ್ಧ ಬಟ್ಟಲು ಹುರಿದ ಶೇಂಗಾ ಪುಡಿ, ಸ್ವಲ್ಪ ಬೆಲ್ಲ ಸೇರಿಸಿ. ಶೇಂಗಾ ಹಿಂಡಿ ತಿಂದು ಬೆಳೆದ ನಮಗೆ ಈ ರುಚಿ ಹೊಸದಲ್ಲ. ಇಂಡೋನೇಷ್ಯಾ, ಮಲೇಷ್ಯಾದಲ್ಲಿ ಸಾಟೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ಜೊತೆ ಕೊಡುವ ಸಾಸೂ ಶೇಂಗಾದ್ದೇ. ಆಮೇಲೆ 400 ಮಿಲಿ ತೆಳು ಹಾಲಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ ಹಾಕಿ, ಉರಿ ಸಣ್ಣಗಿಟ್ಟು ಕೈಯಾಡಿಸಿ. ಹಿಟ್ಟು ಬೆಂದು ಸಾಸ್ ಮಂದವಾದರೆ ಕೊಬ್ಬಿನ ಹನಿಗಳು ಸುಲಭವಾಗಿ ಒಂದುಗೂಡಲಾರವು. ಕಾಯುವುದು ಅಂದೆನಲ್ಲ, ಅದು ಇದೇ. ಉಪ್ಪಿನ ಜೊತೆ ಒಂದು ಚಮಚ ಸೋಯಾ ಸಾಸ್ ಹಾಕಿ. ಥಾಯ್ ಅಡುಗೆಯ ಮೀನಿನ ಸಾಸ್ ಕೊಡುವ ರುಚಿಗೆ ಅದು ಹತ್ತಿರ ಬರುತ್ತದೆ.

ಟೊಮೆಟೊ ಬಿಟ್ಟುಬಿಡಿ. ಹುಳಿಗೆ ನಿಂಬೆರಸ ಹಿಂಡಿ, ಓವನ್ನಿಂದ ತೆಗೆದ ಮೇಲೆ.

ಪಾಸ್ತಾ ಒಣಗದಿರಲು, ಪ್ಯಾಕೆಟ್ ಮೇಲೆ ಬರೆದ ಸಮಯಕ್ಕಿಂತ ಮೂರು ನಿಮಿಷ ಮುಂಚೆ ಬಸಿಯಿರಿ. ಅದು ಓವನ್ನಲ್ಲೂ ಬೇಯುತ್ತದೆ, ಬೇಯುತ್ತಾ ಸಾಸ್ ಹೀರುತ್ತದೆ. ಬೇಯಿಸಿದ ನೀರು ಒಂದೂವರೆ ಬಟ್ಟಲು ಎತ್ತಿಟ್ಟುಕೊಳ್ಳಿ. ಅದರ ಪಿಷ್ಟವೂ ಸಾಸನ್ನು ಹಿಡಿದಿಡುತ್ತದೆ. ಎಲ್ಲ ಕಲಸಿದಾಗ ಸಾಸ್ ಜಾಸ್ತಿ ತೆಳ್ಳಗಾಯಿತು ಅನಿಸಬೇಕು, ಅಷ್ಟು ನೀರು ಹಾಕಿ. ದುರಂ ಗೋಧಿಯ ಪಾಸ್ತಾನೇ ತನ್ನಿ, ಮೈದಾದ್ದು ಓವನ್ನಲ್ಲಿ ಮೆತ್ತಗಾಗುತ್ತದೆ.

ಮೇಲೆ ಚೀಸ್ ಬೇಡ. ಖಡಕ್ ರೊಟ್ಟಿ ಮುರಿದು ತರಿತರಿಯಾಗಿ ಪುಡಿ ಮಾಡಿ, ಸ್ವಲ್ಪ ಎಣ್ಣೆ, ಜಜ್ಜಿದ ಶೇಂಗಾ ಬೆರೆಸಿಡಿ. ಪಾಸ್ತಾವನ್ನು ಮೊದಲು ಫಾಯಿಲ್ ಮುಚ್ಚಿ 180 ಡಿಗ್ರಿಯಲ್ಲಿ 15 ನಿಮಿಷ ಇಡಿ. ನಂತರ ಫಾಯಿಲ್ ತೆಗೆದು, ಈ ಪುಡಿ ಉದುರಿಸಿ 7-8 ನಿಮಿಷ ಬಿಡಿ. ಜೋಳದ ರೊಟ್ಟಿಯ ಗರಿಗರಿ ಮೆತ್ತನೆಯ ಪಾಸ್ತಾಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಅಂದರೆ, ನಾನು ಇನ್ನು ಬ್ರೆಡ್ ಪುಡಿ ಕಡೆ ಹೋಗಲ್ಲ.

ಪಾಸ್ತಾ ಮತ್ತು ಆಗ್ನೇಯ ಏಷ್ಯಾದ ಅಡುಗೆಯ ಈ ಜೋಡಿ ತೀರಾ ಹೊಸದು ಅಂದುಕೊಳ್ಳಬೇಡಿ. ಇಂಡೋನೇಷ್ಯಾದಲ್ಲಿ ಮಕರೋನಿ ಸ್ಕೋಟೆಲ್ ಅಂತ ಬೇಕ್ ಮಾಡಿದ ಪಾಸ್ತಾ ಮನೆಮನೆಯಲ್ಲೂ ಗೊತ್ತು. ಡಚ್ಚರ ಆಳ್ವಿಕೆಯ ಕಾಲದಿಂದ ಉಳಿದ ತಿನಿಸು ಅದು. ಹಾಲು, ಮೊಟ್ಟೆ, ಚೀಸ್, ಮಾಂಸದ ಜೊತೆ ಜಾಯಿಕಾಯಿ ತುರಿದು ಹಾಕುತ್ತಾರೆ. ಜಾಯಿಕಾಯಿ ಮೂಲತಃ ಅಲ್ಲಿನ ಬಾಂಡಾ ದ್ವೀಪಗಳದ್ದೇ.

ಓವನ್ ಇಲ್ಲದವರು ದಪ್ಪ ತಳದ ಅಗಲ ಪಾತ್ರೆಯಲ್ಲಿ ಇದನ್ನೇ ಮಾಡಬಹುದು. ಮುಚ್ಚಳ ಮುಚ್ಚಿ, ಕೆಳಗೆ ರೊಟ್ಟಿ ಹಂಚು ಇಟ್ಟು ಸಣ್ಣ ಉರಿಯಲ್ಲಿ 15 ನಿಮಿಷ ಬಿಡಿ. ರೊಟ್ಟಿ ಪುಡಿಯನ್ನು ಬೇರೆ ಬಾಣಲೆಯಲ್ಲಿ ಕೆಂಪಗೆ ಹುರಿದುಕೊಂಡು, ಬಡಿಸುವಾಗ ಮೇಲೆ ಉದುರಿಸಿ.