ಕಣ ಎಣಿಸಿದರೆ ವೆಸಿಕಲ್ ಎಣಿಸಿದಂತಾಗದು

ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗದ ಮಾದರಿ ಹಿಡಿದು ಬರುವವರು ಮೊದಲು ಕೇಳುವುದು, "ಮಿಲಿಲೀಟರಿಗೆ ಎಷ್ಟು ಎಕ್ಸೋಸೋಮ್ ಇವೆ?" ಎಂದು. ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ಎಷ್ಟೋ ಸಲ ಸಾವಿರ ಕೋಟಿ ದಾಟಿದ್ದು. ಆದರೆ ಯಂತ್ರ ಎಣಿಸಿರುವುದು ಕಣಗಳನ್ನು. ಅವುಗಳಲ್ಲಿ ವೆಸಿಕಲ್ ಎಷ್ಟು ಎಂಬುದು ಆ ಸಂಖ್ಯೆಯಲ್ಲಿ ಇರುವುದಿಲ್ಲ.

ಜೀವಕೋಶಗಳು ಪ್ರೋಟೀನು, ಆರ್‌ಎನ್‌ಎಗಳನ್ನು ಪೊರೆಯೊಳಗೆ ಸುತ್ತಿ ಹೊರಬಿಡುವ ಪುಟ್ಟ ಚೀಲಗಳೇ ವೆಸಿಕಲ್‌ಗಳು. ಎಕ್ಸೋಸೋಮ್ ಅವುಗಳಲ್ಲಿ ಒಂದು ಬಗೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ನಿಂದ ಉದುರುವ ಇಂಥವನ್ನು 1967ರಲ್ಲಿ ಪೀಟರ್ ವುಲ್ಫ್ 'ಪ್ಲೇಟ್‌ಲೆಟ್ ಧೂಳು' ಎಂದು ಕರೆದರು. ಬಲಿಯುತ್ತಿರುವ ಕೆಂಪು ರಕ್ತಕಣ ತನಗೆ ಬೇಡವಾದ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು (ಕಬ್ಬಿಣ ಒಳಗೆಳೆದುಕೊಳ್ಳಲು ನೆರವಾಗುವ ಪ್ರೋಟೀನು) ಸಾಗಹಾಕುವ ದಾರಿ ಇದು ಎಂಬುದು 1983ರಲ್ಲಿ ಗೊತ್ತಾಯಿತು. ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್, ಸೇಂಟ್ ಲೂಯಿಸ್‌ನಲ್ಲಿ ಫಿಲಿಪ್ ಸ್ಟಾಲ್ ಅವರ ತಂಡಗಳು ಅದನ್ನು ತೋರಿಸಿದವು. ಕೋಶದೊಳಗೆ ಹುಟ್ಟಿ ಹೊರಬರುವ ಎಕ್ಸೋಸೋಮ್ ಸುಮಾರು 30ರಿಂದ 150 ನ್ಯಾನೋಮೀಟರ್. ಕೋಶದ ಹೊರಪೊರೆಯೇ ಉಬ್ಬಿ ಕಳಚಿಕೊಳ್ಳುವವು ಇನ್ನೂ ದೊಡ್ಡವಿರಬಹುದು, ಅಷ್ಟೇ ಚಿಕ್ಕವೂ ಇರಬಹುದು. ಹೊರಬಂದ ಮೇಲೆ ಬರೀ ಗಾತ್ರ ನೋಡಿ ಇದು ಯಾವುದೆಂದು ಹೇಳಲಾಗದು.

ನನ್ನ ಅನುಭವದಲ್ಲಿ ಫಲಿತಾಂಶ ಕೆಡುವುದು ಹೆಚ್ಚಾಗಿ ಯಂತ್ರದ ಬಳಿ ಅಲ್ಲ, ರಕ್ತ ತೆಗೆಯುವ ಕಡೆ. ಊಟವಾದ ಮೇಲೆ ತೆಗೆದ ರಕ್ತದ ಪ್ಲಾಸ್ಮಾ ಕೆಲವೊಮ್ಮೆ ಹಾಲಿನಂತೆ ಮಬ್ಬಾಗಿರುತ್ತದೆ. ಅದರ ತುಂಬ ಕೊಬ್ಬು ಹೊತ್ತ ಲಿಪೋಪ್ರೋಟೀನುಗಳು. ಇವುಗಳಲ್ಲಿ ಕೈಲೋಮೈಕ್ರಾನ್, ವಿಎಲ್‌ಡಿಎಲ್ ಕಣಗಳು ಗಾತ್ರದಲ್ಲಿ ವೆಸಿಕಲ್‌ಗಳ ಜೊತೆ ಬೆರೆತುಹೋಗುತ್ತವೆ, ಎಚ್‌ಡಿಎಲ್ ಸಾಂದ್ರತೆಯಲ್ಲಿ ಬೆರೆಯುತ್ತದೆ. ಖಾಲಿ ಹೊಟ್ಟೆಯ ರಕ್ತದಲ್ಲೂ ಲಿಪೋಪ್ರೋಟೀನುಗಳ ಸಂಖ್ಯೆಯೇ ಮುಂದು. ಎರಡನೆಯ ತೊಂದರೆ ಪ್ಲೇಟ್‌ಲೆಟ್. ಟ್ಯೂಬ್ ಮೇಜಿನ ಮೇಲೆ ಕಾದಷ್ಟು ಹೊತ್ತೂ ಅವು ಹೊಸ ವೆಸಿಕಲ್ ಬಿಡುತ್ತಿರುತ್ತವೆ. ಪ್ಲಾಸ್ಮಾದಲ್ಲಿ ಉಳಿದುಹೋದ ಪ್ಲೇಟ್‌ಲೆಟ್‌ಗಳು ಫ್ರೀಜರಿಗೆ ಹೋಗಿ ಕರಗಿ ಬರುವಷ್ಟರಲ್ಲಿ ಒಡೆದು ಚೂರಾಗಿರುತ್ತವೆ, ಆ ಚೂರುಗಳೂ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಫ್ರೀಜ್ ಮಾಡುವ ಮುನ್ನ ಸೆಂಟ್ರಿಫ್ಯೂಜ್‌ನಲ್ಲಿ 2,500 ಜಿ (ಗುರುತ್ವದ 2,500 ಪಟ್ಟು) ಬಲದಲ್ಲಿ 15 ನಿಮಿಷ ತಿರುಗಿಸಿ, ತಳದ ಪದರ ಕಲಕದಂತೆ ಮೇಲಿನದನ್ನಷ್ಟೇ ತೆಗೆದು, ಅದನ್ನು ಮತ್ತೊಮ್ಮೆ ಅಷ್ಟೇ ಹೊತ್ತು ತಿರುಗಿಸಿ ಎಂದು ಒತ್ತಾಯಿಸುತ್ತೇನೆ. ಕೊನೆಯ ಹನಿಯನ್ನೂ ಬಿಡದೆ ಹೀರಿಕೊಳ್ಳುವ ಆಸೆ ಇಲ್ಲಿ ಬೇಡ.

ಇನ್ನು ಯಂತ್ರ. ಎನ್‌ಟಿಎಯಲ್ಲಿ, ಅಂದರೆ ನ್ಯಾನೋಕಣಗಳ ಚಲನೆಯನ್ನು ಹಿಂಬಾಲಿಸಿ ಅಳೆಯುವ ವಿಧಾನದಲ್ಲಿ, ಲೇಸರ್ ಬೆಳಕು ಬಿದ್ದ ಕಣಗಳು ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ನಿಂತಲ್ಲಿ ನಿಲ್ಲದೆ ಅತ್ತಿತ್ತ ಕದಲುತ್ತವೆ. ಚಿಕ್ಕವು ಚುರುಕು, ದೊಡ್ಡವು ನಿಧಾನ. ಈ ಬ್ರೌನಿಯನ್ ಚಲನೆಯನ್ನು ಅಳೆದು, ದ್ರವದ ತಾಪ ಮತ್ತು ಸ್ನಿಗ್ಧತೆ ಸೇರಿಸಿ ಯಂತ್ರ ಗಾತ್ರ ಲೆಕ್ಕಹಾಕುತ್ತದೆ. ತೊಡಕಿರುವುದು ಕಾಣಿಸದ ಕಣಗಳಲ್ಲಿ. ಇಷ್ಟು ಸಣ್ಣ ಕಣ ಚದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಅನುಗುಣ: 100 ನ್ಯಾನೋಮೀಟರ್ ಕಣಕ್ಕೆ ಹೋಲಿಸಿದರೆ 50ರ ಕಣ ಚದುರಿಸುವುದು 64ರಲ್ಲಿ ಒಂದು ಪಾಲು. ಕ್ಯಾಲಿಬ್ರೇಷನ್‌ಗೆ ಬಳಸುವ ಪಾಲಿಸ್ಟೈರೀನ್ ಮಣಿಗಳ ವಕ್ರೀಭವನ ಸೂಚ್ಯಂಕ ಸುಮಾರು 1.59, ವೆಸಿಕಲ್‌ನದು 1.4ರ ಆಸುಪಾಸು, ಹಾಗಾಗಿ ಅದು ಚದುರಿಸುವ ಬೆಳಕೂ ಕಡಿಮೆ. ಮಣಿ ಹೊಳೆಯಿತು ಎಂದಾಕ್ಷಣ ಅದೇ ಗಾತ್ರದ ವೆಸಿಕಲ್ಲೂ ಕಂಡೀತು ಎಂದು ನಂಬಬೇಡಿ. ಕ್ಯಾಮೆರಾ ಲೆವೆಲ್ (ಬೆಳಕಿಗೆ ಅದರ ಸೂಕ್ಷ್ಮತೆ) ಏರಿಸಿ ನೋಡಿ, ಅದೇ ಮಾದರಿಯ ಎಣಿಕೆಯೇ ಬದಲಾಗುತ್ತದೆ. ಹಾಗಾಗಿ ಯಾವ ಲೆವೆಲ್, ಎಷ್ಟು ಪಟ್ಟು ತೆಳುಮಾಡಿದ್ದು ಎಂದು ಬರೆಯದ ವರದಿಯನ್ನು ಇನ್ನೊಂದರ ಜೊತೆ ಹೋಲಿಸಲು ನಾನು ಒಪ್ಪುವುದಿಲ್ಲ.

ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಎಣಿಸುವ ಫ್ಲೋ ಸೈಟೋಮೀಟರ್‌ನದು ಬೇರೆ ಪಾಡು. ಮಾದರಿ ಗಟ್ಟಿಯಾಗಿದ್ದರೆ ಹತ್ತಾರು ವೆಸಿಕಲ್‌ಗಳು ಒಟ್ಟಿಗೆ ಹಾದು ಒಂದೇ ಕಣವಾಗಿ ದಾಖಲಾಗುತ್ತವೆ. ತೆಳುಮಾಡುತ್ತಾ ಹೋದಾಗ ಎಣಿಕೆ ಅದೇ ಪ್ರಮಾಣದಲ್ಲಿ ಇಳಿದು, ಪ್ರತಿ ಕಣದ ಹೊಳಪು ಹಾಗೇ ಉಳಿದರೆ ಸರಿ.

ಹಾಗಾದರೆ ವೆಸಿಕಲ್ ಎಂದು ಹೇಳುವುದು ಹೇಗೆ? ನಾನು ಮೊದಲು ನೋಡುವುದು ಎರಡು ಸರಳ ಪರೀಕ್ಷೆ. ಒಂದು, ಮಾದರಿಯೇ ಇಲ್ಲದ ಬರೀ ಬಫರ್ (ಮಾದರಿ ತೆಳುಮಾಡುವ ದ್ರಾವಣ) ಓಡಿಸುವುದು, ಸಾಮಾನ್ಯವಾಗಿ ಬಳಸುವ ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲೂ ಕಣಗಳಿರುತ್ತವೆ. ಇನ್ನೊಂದು, ಟ್ರೈಟನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ ಮತ್ತೆ ಅಳೆಯುವುದು. ಪೊರೆ ಇದ್ದದ್ದು ಕರಗುತ್ತದೆ. ಪ್ರೋಟೀನಿನ ಗಂಟು, ಆ್ಯಂಟಿಬಾಡಿಯ ಗಂಟು ಉಳಿಯುತ್ತದೆ. ಆಮೇಲೆ ವೆಸಿಕಲ್ ಪೊರೆಯ ಗುರುತಿನ ಪ್ರೋಟೀನುಗಳಾದ ಸಿಡಿ9, ಸಿಡಿ63, ಸಿಡಿ81 ಪೈಕಿ ಏನಿದೆ, ಒಳಗಿನ ಪ್ರೋಟೀನು ಟಿಎಸ್‌ಜಿ101 ಇದೆಯೇ, ಕಲಬೆರಕೆ ತೋರಿಸುವ ಅಪೊಬಿ (ಲಿಪೋಪ್ರೋಟೀನಿನದು), ಆಲ್ಬುಮಿನ್ (ಪ್ಲಾಸ್ಮಾದ್ದು) ಎಷ್ಟಿವೆ ಎಂಬುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಟ್ಟಲಿನ ಆಕಾರ ಬಂತೆಂದು ಖುಷಿಪಡುವವರಿದ್ದಾರೆ, ಅದು ಮಾದರಿ ಒಣಗಿದ್ದರ ಗುರುತು. ಒಣಗಿಸದೆ ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನದಲ್ಲಿ ಇವು ದುಂಡಗೇ ಇರುತ್ತವೆ.

ಇಷ್ಟು ಹಟ ಯಾಕೆಂದರೆ ಈಗ ಎಕ್ಸೋಸೋಮ್ ಸೀಸೆಗಳು ಚರ್ಮಕ್ಕೆ, ಕೂದಲಿಗೆ, ಮಂಡಿನೋವಿಗೆ ಎಂದು ಮಾರಾಟವಾಗುತ್ತಿವೆ. ನೆಬ್ರಾಸ್ಕಾದಲ್ಲಿ ಇಂಥ ಚಿಕಿತ್ಸೆ ಪಡೆದವರಿಗೆ ಗಂಭೀರ ತೊಂದರೆಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ, ತಾನು ಅನುಮೋದಿಸಿದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಎಂದು ಎಚ್ಚರಿಸಿತು. ಸೀಸೆಯ ಮೇಲೆ ಇಂತಿಷ್ಟು ಕೋಟಿ ಎಂದು ಬರೆದಿದ್ದರೆ, ಯಾವ ಕೋಶದಿಂದ ಬಂದದ್ದು, ಖಾಲಿ ಬಫರಿನಲ್ಲಿ ಎಷ್ಟು ಕಣವಿತ್ತು, ಟ್ರೈಟನ್ ಹಾಕಿದ ಮೇಲೆ ಎಷ್ಟು ಉಳಿಯಿತು ಎಂದು ಕೇಳಿ. ಉತ್ತರ ಕಾಗದದ ಮೇಲೆ ಬರುವವರೆಗೆ ಅದನ್ನು ಮೈಗೆ ಚುಚ್ಚಿಸಿಕೊಳ್ಳಬೇಡಿ.