ಫೈಬರ್ ಬಂಪರನ್ನು ಹಿಂಬದಿಯಿಂದ ನೋಡಿ

ಫೈಬರ್‌ಗ್ಲಾಸ್ ಬಂಪರ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಮುಂಭಾಗಕ್ಕೇ ಹೋಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ. ನುಣ್ಣಗೆ ಹೊಳೆಯುತ್ತಿದ್ದರೆ ಮಾಲು ಚೆನ್ನಾಗಿದೆ ಅಂತ ಲೆಕ್ಕ. ಆದರೆ ಆ ಹೊಳಪು ಅಚ್ಚಿನದು, ಬಂಪರಿನದಲ್ಲ. ಅಚ್ಚಿಗೆ ಒಳ್ಳೆಯ ಪಾಲಿಶ್ ಇದ್ದರೆ ಒಳಗೆ ಏನು ತುಂಬಿದರೂ ಮುಖ ನುಣ್ಣಗೇ ಬರುತ್ತದೆ. ಮೇಲೆ ಥಳಕು ಒಳಗೆ ಹುಳುಕು ಅನ್ನೋ ಮಾತು ಈ ಮಾಲಿಗಂತಲೇ ಹುಟ್ಟಿದ ಹಾಗಿದೆ.

ತಯಾರಾಗುವ ರೀತಿ ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಅಚ್ಚಿಗೆ ವ್ಯಾಕ್ಸ್ ಹಚ್ಚುತ್ತಾರೆ, ಅದರ ಮೇಲೆ ಹೊರಗೆ ಕಾಣುವ ನುಣುಪು ಪದರವಾಗಿ ಸುಮಾರು ಅರ್ಧ ಮಿಲಿಮೀಟರ್ ಜೆಲ್‌ಕೋಟ್, ಆಮೇಲೆ ಗಾಜಿನ ಎಳೆಗಳ ಮ್ಯಾಟ್ ಹಾಸಿ, ಶೇ. 1ರಿಂದ 2ರಷ್ಟು ಹಾರ್ಡ್‌ನರ್ ಬೆರೆಸಿದ ಪಾಲಿಯೆಸ್ಟರ್ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಸುರಿದು, ರೋಲರಿನಲ್ಲಿ ಒತ್ತಿ ಒತ್ತಿ ಗಾಳಿ ಹೊರಗೆ ಹಾಕುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸುತ್ತಾರೆ. ಅಂದರೆ ಹಿಂಬದಿಗೆ ಅಚ್ಚಿನ ಮರೆ ಇಲ್ಲ. ಕೆಲಸ ಮಾಡಿದವರ ಕೈ ಹೇಗಿತ್ತು ಅನ್ನೋದು ಅಲ್ಲೇ ಕಾಣುತ್ತದೆ.

ಹಾಗಾಗಿ ಮೊದಲು ತಿರುಗಿಸಿ ಹಾಕಿ. ಎಳೆಗಳು ಎಲ್ಲ ಕಡೆ ಒಂದೇ ಸಮ ನೆನೆದಿರಬೇಕು. ಅಲ್ಲಲ್ಲಿ ಬೆಳ್ಳಗೆ, ಒಣಗಿದ ಹಾಗೆ ಕಂಡರೆ ಅಲ್ಲಿಗೆ ರೆಸಿನ್ ತಲುಪಿಲ್ಲ. ಮೂಲೆಯಲ್ಲಿ ಗಾಜಿನ ಹಾಗೆ ಹೊಳೆಯುವ ಮಡು ಕಟ್ಟಿದ್ದರೆ ಅದು ಬರೀ ರೆಸಿನ್, ಸಣ್ಣ ಪೆಟ್ಟಿಗೇ ಚೂರಾಗುತ್ತದೆ. ಬಲ ಕೊಡೋದು ಗಾಜಿನ ಎಳೆ, ರೆಸಿನ್ ಅದನ್ನು ಹಿಡಿದಿಡುತ್ತದೆ ಅಷ್ಟೇ. ಕೈಯಿಂದ ಹಾಸಿದ ಮ್ಯಾಟಿನಲ್ಲಿ ತೂಕದ ಲೆಕ್ಕದಲ್ಲಿ ಗಾಜಿನ ಎರಡರಷ್ಟು, ಇಲ್ಲ ಸ್ವಲ್ಪ ಜಾಸ್ತಿ ರೆಸಿನ್ ಇರುವುದು ಮಾಮೂಲು. ಅದಕ್ಕಿಂತ ತುಂಬಾ ಸುರಿದಿದ್ದರೆ ಬಂಪರ್ ಭಾರವಾಗುತ್ತದೆ, ಗಟ್ಟಿ ಆಗಲ್ಲ. ಎತ್ತಿ ನೋಡಿ 'ಭಾರ ಇದೆ, ಸ್ಟ್ರಾಂಗ್ ಇದೆ' ಅನ್ನುವವರ ಮಾತು ನಂಬಬೇಡಿ. ಹಿಂಬದಿಗೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರೆ ನನಗಂತೂ ಅನುಮಾನ ಬರುತ್ತದೆ. ಅಂದಕ್ಕೆ ಬಳಿಯುವವರೂ ಇದ್ದಾರೆ, ಆದರೂ.

ಅಂಚು ನೋಡಿದರೆ ದಪ್ಪ ತಿಳಿಯುತ್ತದೆ. 2ರಿಂದ 3 ಮಿಲಿಮೀಟರ್ ಇದ್ದು, ಬೋಲ್ಟ್ ಕೂರುವ ಪಟ್ಟಿಗಳಲ್ಲಿ ಇನ್ನೂ ಸ್ವಲ್ಪ ದಪ್ಪ ಇದ್ದರೆ ಒಳ್ಳೆಯದು. ಒಂದು ಕಡೆ 1, ಇನ್ನೊಂದು ಕಡೆ 5 ಇದ್ದರೆ ಬಿಟ್ಟುಬಿಡಿ.

ಆಮೇಲೆ ನಾಣ್ಯದ ಪರೀಕ್ಷೆ. ನಾಣ್ಯದ ಅಂಚಿನಿಂದ ಮುಂಭಾಗದ ಉದ್ದಕ್ಕೂ ಟಕಟಕ ಬಡಿಯುತ್ತಾ ಹೋಗಿ. ಸದ್ದು ಇದ್ದಕ್ಕಿದ್ದಂತೆ ಮಂದವಾದರೆ ಅಲ್ಲಿ ಜೆಲ್‌ಕೋಟಿನ ಕೆಳಗೆ ಪೊಳ್ಳು ಇದೆ. ಚೂಪಾದ ಮೂಲೆಗಳಲ್ಲಿ, ಗ್ರಿಲ್‌ ಬಾಯಿಯ ಅಂಚಿನಲ್ಲಿ ಇದು ಜಾಸ್ತಿ, ಯಾಕಂದರೆ ಗಾಜಿನ ಎಳೆ ಕಿರಿದಾದ ತಿರುವಿನಲ್ಲಿ ಮಡಿಸಿಕೊಳ್ಳದೆ ಮೇಲಕ್ಕೆ ಎದ್ದು ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಮೊಟ್ಟೆಯ ಚಿಪ್ಪಿನ ಹಾಗೆ ಪಟ್ ಅಂತ ಒಡೆಯುವುದು ಇಂಥ ಜಾಗವೇ. ಈಗ ಒಡೆಯದೆ ಉಳಿದರೆ ಬಣ್ಣ ಹೊಡೆದ ಮೇಲೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ.

ಮೂಗನ್ನೂ ಬಳಸಿ. ರೆಸಿನಿನಲ್ಲಿರುವ ಸ್ಟೈರೀನ್ ದ್ರವದ ವಾಸನೆ ಘಾಟಾಗಿ ಬರುತ್ತಿದ್ದರೆ ಮಾಲು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಇನ್ನೂ ಕುಗ್ಗುತ್ತದೆ. ಈಗಲೇ ಬಣ್ಣ ಹೊಡೆದರೆ ಕೆಲವು ವಾರಕ್ಕೆ ಮ್ಯಾಟಿನ ಎಳೆಗಳ ಗುರುತು ಬಣ್ಣದ ಮೇಲೆ ಮೂಡುತ್ತದೆ.

ಇಷ್ಟೆಲ್ಲ ಓದಿ 'ಫೈಬರೇ ಬೇಡಪ್ಪ' ಅನ್ನಬೇಡಿ. 1953ರ ಶೆವ್ರೊಲೆ ಕಾರ್ವೆಟ್ಟಿನ ಇಡೀ ಬಾಡಿ ಫೈಬರ್‌ಗ್ಲಾಸಿನದು, ಆ ಮೊದಲ ವರ್ಷ 300 ಕಾರು ಮಾಡಿದರು. ತಪ್ಪು ವಸ್ತುವಿನದಲ್ಲ, ಕೈಯದು.

ಈಗ ಫಿಟ್ಟಿಂಗ್. ಕಂಪನಿ ಬಂಪರ್ ಸಾಮಾನ್ಯವಾಗಿ ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್. ಅದು ಬಗ್ಗುತ್ತದೆ, ಕ್ಲಿಪ್ಪುಗಳು ಎಳೆದು ಜಾಗಕ್ಕೆ ಕೂರಿಸುತ್ತವೆ, ಸಣ್ಣಪುಟ್ಟ ವ್ಯತ್ಯಾಸ ಅಲ್ಲೇ ಮುಚ್ಚಿಹೋಗುತ್ತದೆ. ಫೈಬರ್ ಹಾಗೆ ಬಗ್ಗಲ್ಲ. ಅದರ ಆಕಾರವೇ ಸರಿ ಇರಬೇಕು. ಇನ್ನೊಬ್ಬರ ಬಂಪರಿನಿಂದ ಅಚ್ಚು ತೆಗೆದು, ಆ ಅಚ್ಚಿನ ಮಾಲಿನಿಂದ ಮತ್ತೊಂದು ಅಚ್ಚು ತೆಗೆದಿದ್ದರೆ ಪ್ರತಿ ಸಲವೂ ಅಳತೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಯಾಕಂದರೆ ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಲೆಕ್ಕ ಹಾಕಿ ನೋಡಿ: 1700 ಮಿಲಿಮೀಟರ್ ಅಗಲದಲ್ಲಿ ಬರೀ ಶೇ. 0.3 ಅಂದರೂ 5 ಮಿಲಿಮೀಟರ್ ಹೋಯಿತು. ತುದಿಗಳು ಒಳಕ್ಕೋ ಹೊರಕ್ಕೋ ತಿರುಚಿದ್ದರೆ ನಿಧಾನಕ್ಕೆ ಬಿಸಿ ಮಾಡಿ, ಕಟ್ಟಿ, ತಣಿಯಲು ಬಿಟ್ಟು ಸ್ವಲ್ಪ ಮಟ್ಟಿಗೆ ಸರಿಮಾಡಬಹುದು. ಅಗಲವೇ ಕಮ್ಮಿ ಬಂದಿದ್ದರೆ ಕತ್ತರಿಸಿ ಸೇರಿಸಬೇಕು, ಬೇರೆ ದಾರಿ ಇಲ್ಲ.

ಬಣ್ಣಕ್ಕೆ ಮೊದಲು, ತೂತು ಕೊರೆಯುವ ಮೊದಲು ಕಾರಿಗೆ ಇಟ್ಟು ನೋಡಲೇಬೇಕು. ನಾನು ಒಮ್ಮೆ ಆತುರಕ್ಕೆ ಮೊದಲೇ ಬಣ್ಣ ಹೊಡೆಸಿದೆ. ಆಮೇಲೆ ನೋಡಿದರೆ ಎಡಗಡೆ ಹೆಡ್‌ಲೈಟ್ ಕೆಳಗೆ ಬೆರಳು ತೂರುವಷ್ಟು ಗ್ಯಾಪ್. ಬಣ್ಣ ಹೊಡೆದ ಮಾಲನ್ನು ಯಾರು ವಾಪಸ್ ತಗೊಳ್ತಾರೆ? ಉಜ್ಜಿ, ಕಟ್ಟಿ, ಮತ್ತೆ ಬಣ್ಣ.

ಹಳೇ ಬಂಪರ್ ಬಿಚ್ಚುವ ಮೊದಲೇ ಅದರ ಗ್ಯಾಪ್‌ಗಳನ್ನು ಅಳೆದು ಬರೆದಿಟ್ಟುಕೊಳ್ಳಿ. ಕಾರು ಹಿಂದೆ ಎಲ್ಲೋ ಗುದ್ದಿದ್ದರೆ ಬ್ರಾಕೆಟ್ಟೋ ಫೆಂಡರೋ ಮೊದಲೇ ಸರಿದಿರುತ್ತದೆ, ಆಗ ಹೊಸ ಬಂಪರನ್ನು ಬೈದು ಏನು ಬಂತು? ಲೈಟು, ಗ್ರಿಲ್ ಎಲ್ಲ ಜಾಗದಲ್ಲಿರಲಿ, ಬಾನೆಟ್ ಮುಚ್ಚಿರಲಿ. ಕಾರಿಗೂ ಬಂಪರಿಗೂ ನಡುಮಧ್ಯದಲ್ಲಿ ಟೇಪ್ ಅಂಟಿಸಿ ಗುರುತು ಹಾಕಿ, ಇಬ್ಬರು ಹಿಡಿದು, ನಡುವಿನಿಂದ ತುದಿಯ ಕಡೆಗೆ ಬೋಲ್ಟುಗಳನ್ನು ಸಡಿಲವಾಗಿ ಹಾಕುತ್ತಾ ಹೋಗಿ. ಎಲ್ಲ ಕಡೆ ಗ್ಯಾಪ್ ಒಂದೇ ಇರಬೇಕಿಲ್ಲ. ಎಡಕ್ಕೂ ಬಲಕ್ಕೂ ಸಮ ಇರಬೇಕು, ಒಂದೇ ಸಂದು ಒಂದು ತುದಿಯಲ್ಲಿ ಅಗಲ ಇನ್ನೊಂದರಲ್ಲಿ ಕಿರಿದು ಆಗಬಾರದು.

ಎರಡು ಬೆರಳಲ್ಲಿ ಒತ್ತಿದರೆ ಕೂರುತ್ತದಾ, ಸರಿ. ಬೋಲ್ಟ್ ಬಿಗಿದು ಎಳೆದು ಕೂರಿಸಬೇಕು ಅಂದರೆ ಅಲ್ಲೇ ನಿಲ್ಲಿಸಿ. ಆ ಎಳೆತ ಒಳಗೇ ಉಳಿಯುತ್ತದೆ, ನಾಲ್ಕು ಗುಂಡಿ ದಾಟುವಷ್ಟರಲ್ಲಿ ತೂತಿನಿಂದ ಬಿರುಕು ಹೊರಡುತ್ತದೆ. ಅಗಲ ವಾಷರ್, ಕೆಳಗೆ ರಬ್ಬರ್, ಸ್ವಲ್ಪ ಉದ್ದನೆಯ ತೂತು ಇರಲಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಬಂಪರ್ ಅನ್ನೋದು ಬರೀ ಹೊರಗಿನ ಚಿಪ್ಪು. ಪೆಟ್ಟು ತಡೆಯೋದು ಅದರ ಹಿಂದಿರುವ ಲೋಹದ ಬೀಮ್. ಬೀಮ್ ಕತ್ತರಿಸಿದರೆ ಮಾತ್ರ ಕೂರುತ್ತದೆ ಅಂದರೆ ಆ ಬಂಪರೇ ಬೇಡ. ಬಂಪರಿನ ಹಿಂದೆ ಎದುರಿನ ಗಾಡಿಯ ದೂರ ಅಳೆಯುವ ರೇಡಾರ್ ಇದ್ದರೆ ಕಾರಿನ ಕೈಪಿಡಿ ಓದದೆ ಮುಂದುವರಿಯಬೇಡಿ. ಗಾಜಿನ ಎಳೆ ರೇಡಾರ್ ಅಲೆಯನ್ನು ಬಿಡುತ್ತದೆ, ಆದರೆ ದಪ್ಪ ಮತ್ತು ಬಣ್ಣ ಬದಲಾದರೆ ರೇಡಾರಿನ ಅಳತೆ ತಪ್ಪಬಹುದು. ಕಾರ್ಬನ್ ಫೈಬರ್ ಆದರೆ ಅಲೆಯನ್ನೇ ತಡೆಯುತ್ತದೆ.

ಎಲ್ಲ ಕೂತ ಮೇಲೂ ಪೇಂಟಿಂಗಿಗೆ ಓಡಬೇಡಿ. ಬೋಲ್ಟ್ ಹಾಕಿದ ಹಾಗೇ ಕೆಲವು ದಿನ ಕಾರನ್ನು ಬಿಸಿಲಲ್ಲಿ ಬಿಡಿ, ಕುಗ್ಗುವುದಿದ್ದರೆ ಸರಿಯಾದ ಆಕಾರದಲ್ಲೇ ಕುಗ್ಗಲಿ. ಗ್ಯಾಪ್ ಇನ್ನೊಮ್ಮೆ ಅಳೆದು, ಬದಲಾಗಿಲ್ಲ ಅಂದರೆ ಮಾಸ್ಕ್ ಹಾಕಿ ಉಜ್ಜಲು ಕೂರಿ. ತುಂಬು ತೋಳಿನ ಅಂಗಿ ಮರೀಬೇಡಿ, ಆ ಧೂಳಿನ ತುರಿಕೆ ಎರಡು ದಿನ ಬಿಡಲ್ಲ.