ಡಿಶ್‌ವಾಷರ್ ತಳದ ನೀರು: ಹೋಗಲೇ ಇಲ್ಲವೋ, ಹೋಗಿ ವಾಪಸ್ ಬಂತೋ?

ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ನಿನ್ನೆ ಇದು ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ರಿಪೇರಿ ಕಲಿಯುತ್ತಿರುವವರು ಇದೇ ಗುಂಡಿಗೆ ಬೀಳದಿದ್ದರೆ ಸಾಕು.

ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಯಾವಾಗಲೂ ಇರುತ್ತದೆ. ಅದು ಇರಬೇಕಾದದ್ದೇ, ಅಲ್ಲಿನ ರಬ್ಬರ್ ಸೀಲುಗಳು ಒಣಗಬಾರದು. ನೀರು ಫಿಲ್ಟರ್ ದಾಟಿ ಮೇಲೆ ನಿಂತಿದ್ದರೆ ಮಾತ್ರ ತೊಂದರೆ. ಫಿಲ್ಟರ್ ತೊಳೆಯುವುದು ನಿಮಗೆ ಗೊತ್ತೇ ಇದೆ: ತಿರುಗಿಸಿ ಎತ್ತಿ, ನಲ್ಲಿ ಕೆಳಗೆ ಹಿಡಿದು ಹಳೇ ಬ್ರಷ್‌ನಲ್ಲಿ ಉಜ್ಜಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ನನ್ನದು ಮುಗಿಯಲಿಲ್ಲ.

ನಾನು ಎಡವಿದ ಜಾಗ

ಪಂಪ್ ಕೊಳೆ ನೀರನ್ನು ಪೈಪಿಗೆ ತಳ್ಳುತ್ತದೆ. ಪೈಪ್ ಮೊದಲು ಮೇಲಕ್ಕೆ ಏರಿ, ಒಂದು ಬಾಗು ತೆಗೆದುಕೊಂಡು, ಆಮೇಲೆ ಸಿಂಕ್ ಕೆಳಗಿನ ಕೊಳವೆಗೆ ಇಳಿಯುತ್ತದೆ. ಈ ದಾರಿಯಲ್ಲಿ ಇಬ್ಬರು ಕಾವಲುಗಾರರು. ಒಬ್ಬ, ಪಂಪಿನ ಬಾಯಲ್ಲಿರುವ ಸಣ್ಣ ರಬ್ಬರ್ ಮುಚ್ಚಳ, ಅಂದರೆ ಒಂದೇ ಕಡೆಗೆ ತೆರೆಯುವ ವಾಲ್ವ್. ಇನ್ನೊಬ್ಬ, ಪೈಪಿನ ಆ ಎತ್ತರದ ಬಾಗು. ಇಬ್ಬರದೂ ಒಂದೇ ಕೆಲಸ ಎಂದುಕೊಂಡಿದ್ದೆ. ಅಲ್ಲ!

ಪಂಪ್ ನಿಂತ ಕ್ಷಣವನ್ನು ಕಣ್ಣಮುಂದೆ ತಂದುಕೊಳ್ಳಿ. ಬಾಗು ದಾಟಿದ ನೀರು ಸಿಂಕಿನ ಕಡೆ ಇಳಿದು ಹೋಯಿತು. ಬಾಗಿನಿಂದ ಈಚೆಗೆ, ಯಂತ್ರದ ಕಡೆ, ಪೈಪ್ ತುಂಬ ನೀರು ನಿಂತಿದೆ. ಅದು ಕೆಳಗೆ ಬರದಂತೆ ತಡೆಯುವವರು ಯಾರು? ಬಾಗು ತಡೆಯಲಾರದು, ಅದು ಮೇಲಿದೆ. ರಬ್ಬರ್ ಮುಚ್ಚಳ ಮಾತ್ರ ತಡೆಯಬೇಕು. ಬಾಗಿನ ಕೆಲಸ ಬೇರೆ: ಸಿಂಕಿನ ಕೊಳೆ ನೀರು ಉಕ್ಕಿ ಬಂದರೆ ಅದನ್ನು ಆಚೆಯೇ ನಿಲ್ಲಿಸುವುದು.

ಇದು ಗೊತ್ತಿಲ್ಲದೆ ನಾನು ಮಾಡಿದ್ದೇನು? ಪೈಪನ್ನು ಇನ್ನೂ ಎತ್ತರಿಸಿ ಕಟ್ಟಿದೆ. ತಳದಲ್ಲಿ ನೀರು ಜಾಸ್ತಿಯಾಯಿತು! ಈಗ ನೋಡಿದರೆ ಸರಿಯಾಗಿಯೇ ಇದೆ. ಏರುವ ಭಾಗ ಉದ್ದವಾದಷ್ಟೂ ವಾಪಸ್ ಬೀಳುವ ನೀರೂ ಜಾಸ್ತಿ, ಅಲ್ವಾ?

ಲೋಟದ ಲೆಕ್ಕ

ಇದು ನನಗೆ ತುಂಬ ಇಷ್ಟವಾದ ಅಡ್ಡದಾರಿ. ಪೈಪಿನ ಒಳಗಿನ ಅಗಲ 18 ಮಿ.ಮೀ. ಎಂದಿಟ್ಟುಕೊಳ್ಳಿ. ಪ್ರತಿ ಸೆಂಟಿಮೀಟರ್ ಉದ್ದದಲ್ಲಿ ಸುಮಾರು 2.5 ಮಿ.ಲೀ. ನೀರು ಹಿಡಿಯುತ್ತದೆ. ಯಂತ್ರದಿಂದ ಬಾಗಿನವರೆಗೆ 150 ಸೆಂ.ಮೀ. ಪೈಪ್ ಇದ್ದರೆ ಹೆಚ್ಚೆಂದರೆ 380 ಮಿ.ಲೀ. ಪೈಪಿನಿಂದ ಅದಕ್ಕಿಂತ ಜಾಸ್ತಿ ನೀರು ವಾಪಸ್ ಬರಲು ಸಾಧ್ಯವೇ ಇಲ್ಲ.

ಹಾಗಾಗಿ ನೀರು ಖಾಲಿಯಾಗಿ ಪಂಪ್ ನಿಂತ ತಕ್ಷಣ ಬಾಗಿಲು ತೆರೆದು ಟಾರ್ಚ್ ಹಾಕಿ ನೋಡಿ. ಆಗಲೇ ನೀರು ನಿಂತಿದ್ದರೆ ಅದು ಹೋಗಲೇ ಇಲ್ಲ. ಆಗ ಖಾಲಿಯಿದ್ದು ಆಮೇಲೆ ತುಂಬಿದರೆ ವಾಪಸ್ ಬಂದಿದೆ. ಅರ್ಧ ಗಂಟೆ ಸಿಂಕ್ ಮುಟ್ಟದೆ ಕಾದು, ಬಂದ ನೀರನ್ನು ಲೋಟದಲ್ಲಿ ತೆಗೆದು ಅಳೆಯಿರಿ. ಪೈಪಿನ ಲೆಕ್ಕದೊಳಗೇ ಇದ್ದರೆ ರಬ್ಬರ್ ಮುಚ್ಚಳವೇ ಕಳ್ಳ. ಆಮೇಲೆ ಸಿಂಕಿಗೆ ಒಂದು ಬಕೆಟ್ ನೀರು ಸುರಿದು ಮತ್ತೆ ಒಳಗೆ ನೋಡಿ. ಆಗ ಮಟ್ಟ ಏರಿದರೆ ಸಿಂಕಿನ ಕಡೆಯಿಂದಲೂ ಬರುತ್ತಿದೆ: ಬಾಗು ಜೋತುಬಿದ್ದಿರಬೇಕು, ಇಲ್ಲವೇ ಕೆಳಗಿನ ಕೊಳವೆ ಕಟ್ಟಿರಬೇಕು.

ಬಕೆಟ್ ಪರೀಕ್ಷೆ ಸುಳ್ಳು ಹೇಳುತ್ತದೆ

ಪೈಪಿನ ತುದಿಯನ್ನು ಸಿಂಕಿನಿಂದ ಬಿಚ್ಚಿ ಬಕೆಟ್‌ಗೆ ಬಿಟ್ಟು ಪಂಪ್ ಓಡಿಸಿ ನೋಡಿ ಎನ್ನುತ್ತಾರೆ. ನಾನು ಬಕೆಟ್ ನೆಲದ ಮೇಲಿಟ್ಟೆ. ನೀರು ಧಾರಾಕಾರ ಬಂತು, ಪಂಪ್ ಗಟ್ಟಿಮುಟ್ಟಾಗಿದೆ ಎಂದು ಬರೆದುಕೊಂಡೆ. ಆದರೆ ತುದಿ ಕೆಳಗಿದ್ದರೆ ನೀರು ತಾನಾಗಿಯೇ ಇಳಿಯುತ್ತದೆ, ಪಂಪ್ ಸೋತಿದ್ದರೂ ಗೊತ್ತಾಗುವುದಿಲ್ಲ. ತುದಿಯನ್ನು ಸಿಂಕಿಗೆ ಸೇರುವಷ್ಟೇ ಎತ್ತರದಲ್ಲಿ ಹಿಡಿದು ನೋಡಬೇಕು. ಆ ಎತ್ತರದಲ್ಲೂ ಜೋರಾಗಿ ಬಂದರೆ ತಡೆ ಇರುವುದು ಆಚೆ, ಸಿಂಕಿನ ಕೊಳವೆಯಲ್ಲಿ. ಸಿಂಕ್ ಕೆಳಗೆ ಕಸ ಅರೆಯುವ ಯಂತ್ರವನ್ನು ಹೊಸದಾಗಿ ಕೂರಿಸಿದ್ದರೆ, ಡಿಶ್‌ವಾಷರ್ ಪೈಪ್ ಸೇರುವ ಬಾಯಿಗೆ ಕಾರ್ಖಾನೆಯಲ್ಲಿ ಹಾಕಿದ ಬಿರಡೆ ತೆಗೆದಿದ್ದಾರೋ ಇಲ್ಲವೋ ನೋಡಿ.

ಪಂಪ್

ಗುಂಯ್ ಎಂದು ಸದ್ದು ಬಂದು ನೀರು ಹೋಗದಿದ್ದರೆ ಏನೋ ಸಿಕ್ಕಿಕೊಂಡಿದೆ: ಗಾಜಿನ ಚೂರು, ಬಾಟಲಿಯ ಚೀಟಿ, ಹಲ್ಲುಕಡ್ಡಿ. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟ್ ಬರುತ್ತಿಲ್ಲ ಅಥವಾ ಮೋಟರ್ ಹೋಗಿದೆ. ಒಳಗೆ ಕೈ ಹಾಕುವ ಮೊದಲು ಕರೆಂಟ್ ತೆಗೆಯಿರಿ, ಬರೀ ಬೆರಳಿನಿಂದ ತಡಕಾಡಬೇಡಿ.

ಪಂಪಿನ ಸಣ್ಣ ಫ್ಯಾನ್ ತಿರುಗಿಸಿದಾಗ ತಡೆತಡೆದು ತಿರುಗಿತು. ಕೆಟ್ಟಿದೆ ಎಂದು ಹೊಸ ಪಂಪ್ ತರಿಸಲು ಹೊರಟಿದ್ದೆ! ಒಳಗೆ ಅಯಸ್ಕಾಂತವಿದೆ, ಹಾಗೇ ತಿರುಗಬೇಕು. ಸ್ವಲ್ಪವೂ ತಡೆಯಿಲ್ಲದೆ ಸುಮ್ನೆ ಗಿರಗಿರ ತಿರುಗಿದರೆ ಮಾತ್ರ ಫ್ಯಾನ್ ಒಳಗಿನ ಕಡ್ಡಿಯಿಂದ ಬಿಟ್ಟುಕೊಂಡಿರಬಹುದು.

ಕೈಯಲ್ಲಿ ಪಾತ್ರೆ ತೊಳೆಯುವ ಸೋಪನ್ನು ಯಂತ್ರಕ್ಕೆ ಹಾಕಿದರೂ ನೀರು ಹೋಗದೆ ನಿಲ್ಲುತ್ತದೆ. ನೊರೆ ತುಂಬಿ ಪಂಪ್ ನೀರಿನ ಬದಲು ಗಾಳಿ ಎಳೆಯುತ್ತದೆ.

ನನ್ನ ಯಂತ್ರದಲ್ಲಿ ಪ್ರತಿ ಸಲವೂ 350 ಮಿ.ಲೀ. ಆಸುಪಾಸು ಸಿಗುತ್ತಿತ್ತು. ಮುಚ್ಚಳ ಬಿಚ್ಚಿದರೆ ಅಂಚಿನಲ್ಲಿ ಬಾಟಲಿಯ ಚೀಟಿಯ ತುಣುಕೊಂದು ಮಡಿಚಿ ಕೂತಿತ್ತು, ಉಗುರಿನಷ್ಟೂ ಇಲ್ಲ. ತೆಗೆದು ತೊಳೆದು ಹಾಕಿದೆ. ಎತ್ತರಿಸಿದ ಪೈಪನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಸಿಂಕಿನ ನೀರಿಗೆ ಅದು ಬೇಕು.